ಏನೂ ಆಗದವರ ಲೆಕ್ಕ

ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಅಬೂಬಕರ್ ಮುಹಮ್ಮದ್ ಇಬ್ನು ಝಕರಿಯ್ಯಾ ಅಲ್ ರಾಝಿ ಎಂಬ ವೈದ್ಯರಿದ್ದರು. ಈಗಿನ ಟೆಹರಾನ್ ಪಕ್ಕದ ರಯ್ ಪಟ್ಟಣದವರು. ರಯ್‌ನಲ್ಲೂ ಬಗ್ದಾದಿನಲ್ಲೂ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದರು. ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳ ಸಮೇತ ಬಿಡಿಸಿ ಬರೆದವರು. ಅವರ ಮರಣಾನಂತರ ಶಿಷ್ಯರು ಅವರ ಟಿಪ್ಪಣಿಗಳನ್ನೆಲ್ಲ ಕೂಡಿಸಿ 'ಅಲ್ ಹಾವಿ' ಎಂಬ ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ಅದರಲ್ಲಿ ಒಂದು ಚಿಕ್ಕ ಮಾತು ಬರುತ್ತದೆ. ಓದುತ್ತಾ ಹೋಗುವವರು ಗಮನಿಸದೆ ದಾಟಿಬಿಡುವಷ್ಟು ಚಿಕ್ಕದು. ಆದರೆ ವೈದ್ಯಶಾಸ್ತ್ರದ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ಎತ್ತಿ ತೋರಿಸುತ್ತಾರೆ.

ವಿಷಯ ಇಷ್ಟು. ಮಿದುಳಿನ ಪೊರೆಗೆ ಉರಿಯೂತ ಬರುವ 'ಸಿರ್ಸಾಮ್' ಎಂಬ ಕಾಯಿಲೆಗೆ ರಕ್ತನಾಳ ಕೊಯ್ದು ರಕ್ತ ಹೊರಬಿಡುವುದು ಆ ಕಾಲದ ಚಿಕಿತ್ಸೆ. ರಾಝಿ ಅವರು ಒಂದು ಗುಂಪಿನ ರೋಗಿಗಳಿಗೆ ಈ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿಗೆ ಬೇಕೆಂದೇ ಕೊಡಲಿಲ್ಲ. ಏಕೆ? ಸಂಶಯ ತೀರಿಸಿಕೊಳ್ಳಲು.

ಚಿಕಿತ್ಸೆ ಪಡೆದು ಎದ್ದು ಕೂತವರನ್ನು ಮಾತ್ರ ನೋಡಿದರೆ ಪ್ರತಿಯೊಂದು ಔಷಧಿಯೂ ರಾಮಬಾಣವೇ. ಆದರೆ ಔಷಧಿ ಕೊಡದಿದ್ದರೆ ಏನಾಗುತ್ತಿತ್ತು? ತಾನಾಗಿಯೇ ಎದ್ದು ಕೂರುತ್ತಿದ್ದರೋ? ಈ ಪ್ರಶ್ನೆಗೆ ಉತ್ತರ ಚಿಕಿತ್ಸೆ ಪಡೆದವರ ಬಳಿ ಇಲ್ಲ, ಪಡೆಯದವರ ಬಳಿ ಇದೆ. ಒಂದೇ ತಟ್ಟೆಯ ತಕ್ಕಡಿಯಲ್ಲಿ ಯಾರೂ ಸಾಮಾನು ತೂಗುವುದಿಲ್ಲ. ರಾಝಿ ಅವರು ಎರಡನೆಯ ತಟ್ಟೆಯನ್ನು ಕಟ್ಟಿದರು.

ಆದರೆ ಆ ಮಾತಿನಲ್ಲಿ ಸಂಖ್ಯೆಗಳಿಲ್ಲ. ಪ್ರತಿ ಗುಂಪಿನಲ್ಲಿ ಎಷ್ಟು ಜನ, ಎಷ್ಟು ಮಂದಿ ಬದುಕಿದರು ಎಂಬ ಲೆಕ್ಕ ನಮಗೆ ಉಳಿದಿಲ್ಲ. ರಕ್ತ ತೆಗೆಯುವುದರಿಂದ ಗುಣವಾಗುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಇಂದು ಯಾವ ವೈದ್ಯರೂ ಆ ಕಾಯಿಲೆಗೆ ರಕ್ತ ಹೊರಬಿಡುವುದಿಲ್ಲ. ದಾರಿ ಸರಿಯಿತ್ತು, ದಾರಿಯುದ್ದಕ್ಕೂ ನಡೆಯಲು ಬೇಕಾದ ಎಣಿಕೆ ಇನ್ನೂ ಹುಟ್ಟಿರಲಿಲ್ಲ.

ಆ ಎಣಿಕೆ ಹುಟ್ಟಲು ಒಂಬತ್ತು ಶತಮಾನ ಬೇಕಾಯಿತು. ಅಷ್ಟು ಕಾಲವೂ ರಕ್ತ ತೆಗೆಯುವುದು ನಿಲ್ಲಲಿಲ್ಲ. ಫ್ರಾನ್ಸ್ ದೇಶವು 1833ರ ಒಂದೇ ವರ್ಷದಲ್ಲಿ ರೋಗಿಗಳ ರಕ್ತ ಹೀರಿಸಲು ನಾಲ್ಕು ಕೋಟಿಗೂ ಹೆಚ್ಚು ಜಿಗಣೆಗಳನ್ನು ಹೊರದೇಶಗಳಿಂದ ತರಿಸಿಕೊಂಡಿತ್ತು. ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಪಿಯರ್ ಲೂಯಿ ಎಂಬ ವೈದ್ಯರು ಕಾಗದ, ಲೇಖನಿ ಹಿಡಿದು ಕೂತರು. ನ್ಯುಮೋನಿಯಾ ಬಂದ 77 ರೋಗಿಗಳನ್ನು ತೆಗೆದುಕೊಂಡರು. ಕಾಯಿಲೆಯ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡವರು ಒಂದು ಕಡೆ, ತಡವಾಗಿ ತೆಗೆಸಿಕೊಂಡವರು ಇನ್ನೊಂದು ಕಡೆ. ಬೇಗ ತೆಗೆಸಿಕೊಂಡವರಲ್ಲಿ ನೂರಕ್ಕೆ 44 ಮಂದಿ ಸತ್ತಿದ್ದರು. ತಡವಾದವರಲ್ಲಿ ನೂರಕ್ಕೆ 25. ಬದುಕುಳಿದವರಲ್ಲಿ ಮಾತ್ರ ಬೇಗ ಚಿಕಿತ್ಸೆಯಾದವರ ಕಾಯಿಲೆ ಕೆಲವು ದಿನ ಮೊದಲೇ ಇಳಿದಿತ್ತು. ಜನ ನಂಬಿದ್ದಕ್ಕಿಂತ ಈ ಚಿಕಿತ್ಸೆಯ ಪ್ರಯೋಜನ ಬಹಳ ಕಡಿಮೆ ಎಂದು 1835ರಲ್ಲಿ ಲೂಯಿ ಪುಸ್ತಕ ಬರೆದರು. ಇಡೀ ಯುರೋಪಿನ ನಂಬಿಕೆಯನ್ನು ಅಲುಗಾಡಿಸಲು 77 ಜನರ ಪಟ್ಟಿ ಸಾಕಾಯಿತು. ಅಲ್ಲಿಯವರೆಗೆ ಇಂತಹ ಪಟ್ಟಿ ಮಾಡಿದವರು ವಿರಳ.

ಆಸ್ಪತ್ರೆಗೆ ಬಾರದವರು

ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಹಿಂತಿರುಗಿ ನೋಡುವುದು ಒಂದು ಕೆಲಸ. ಕಾಯಿಲೆ ಯಾರಿಗೆ ಬರಬಹುದು ಎಂದು ಮುಂದಕ್ಕೆ ನೋಡುವುದು ಇನ್ನೊಂದು ಕೆಲಸ. ಎರಡನೆಯದು ಹೆಚ್ಚು ಕಷ್ಟ. ಅದರ ಕಥೆ ಅಮೆರಿಕದ ಒಬ್ಬ ಅಧ್ಯಕ್ಷರ ಸಾವಿನ ಹಿನ್ನೆಲೆಯಲ್ಲಿ ಶುರುವಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದರು. 1944ರ ಮಾರ್ಚ್‌ನಲ್ಲಿ ಹೃದಯ ತಜ್ಞರೊಬ್ಬರು ಪರೀಕ್ಷಿಸಿದಾಗ ಅವರ ಬಿಪಿ 186/108 ಇತ್ತು. ಇಂದು ಇಂತಹ ಬಿಪಿ ಕಂಡರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೂಡ ಮನೆಗೆ ಹೋಗಲು ಬಿಡುವುದಿಲ್ಲ. ಅಂದು ಅಧ್ಯಕ್ಷರ ಖಾಸಗಿ ವೈದ್ಯರು ಅವರ ಆರೋಗ್ಯ ಚೆನ್ನಾಗಿದೆ ಎಂದೇ ಜನರಿಗೆ ಹೇಳುತ್ತಿದ್ದರು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಗಟ್ಟಿಯಾದ ನಾಳಗಳಲ್ಲಿ ರಕ್ತ ಹರಿಯಲು ಅದು ಅಗತ್ಯ ಎಂದು ಆ ಕಾಲದ ಎಷ್ಟೋ ವೈದ್ಯರು ನಂಬಿದ್ದರು. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಂದು ಅವರ ಬಿಪಿ 300/190.

ಜಗತ್ತಿನ ಬಲಾಢ್ಯ ದೇಶದ ಅಧ್ಯಕ್ಷರಿಗೆ ಸಿಕ್ಕದ ಜ್ಞಾನ ಯಾವುದು? ಬಿಪಿ ಅಳೆಯುವ ಯಂತ್ರ ಇತ್ತು, ಅಳತೆಯೂ ಆಗಿತ್ತು. ಆ ಅಳತೆಯ ಅರ್ಥ ಮಾತ್ರ ಗೊತ್ತಿರಲಿಲ್ಲ. ಏಕೆಂದರೆ ವೈದ್ಯರು ಕಾಯಿಲೆ ಬಿದ್ದವರನ್ನು ಮಾತ್ರ ನೋಡುತ್ತಿದ್ದರು. ಅಷ್ಟೇ ಬಿಪಿ ಇದ್ದೂ ಏನೂ ಆಗದವರು ಎಷ್ಟು, ಬಿಪಿ ಕಡಿಮೆ ಇದ್ದೂ ಹೃದಯಾಘಾತ ಆದವರು ಎಷ್ಟು ಎಂಬುದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಏನೂ ಆಗದವರು ಆಸ್ಪತ್ರೆಗೆ ಬರುವುದೇ ಇಲ್ಲವಲ್ಲ.

1948ರ ಜೂನ್‌ನಲ್ಲಿ ಅಮೆರಿಕದ ಸರಕಾರ ಹೃದ್ರೋಗ ಸಂಶೋಧನೆಗೆ ಕಾನೂನು ಮಾಡಿತು. ಅದೇ ವರ್ಷ ಬೋಸ್ಟನ್ ನಗರದ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ದೂರದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಕೆಲಸ ಶುರುವಾಯಿತು. ಇದೇ ಪಟ್ಟಣದ ಜನ ಮೂರು ದಶಕಗಳ ಹಿಂದೆ ಕ್ಷಯರೋಗದ ಅಧ್ಯಯನಕ್ಕೂ ಸಹಕರಿಸಿದ್ದರು. ಪಟ್ಟಿಯಿಂದ 6,507 ಮಂದಿಯನ್ನು ಆರಿಸಿ ಕರೆದರು, 4,469 ಮಂದಿ ಬಂದರು. ತಾವಾಗಿ ಮುಂದೆ ಬಂದ 740 ಮಂದಿಯನ್ನು ಸೇರಿಸಿ ಒಟ್ಟು 5,209 ಗಂಡಸರು, ಹೆಂಗಸರು. ಹೆಚ್ಚಿನವರು ಆರೋಗ್ಯವಾಗಿದ್ದವರು. ಪ್ರತಿ ಎರಡು ವರ್ಷಕ್ಕೊಮ್ಮೆ ಅವರನ್ನು ಕರೆಸಿ ಬಿಪಿ, ತೂಕ, ಕೊಲೆಸ್ಟ್ರಾಲ್, ಇಸಿಜಿ ಎಲ್ಲವನ್ನೂ ಅಳೆದು ಬರೆದಿಟ್ಟರು. ನಂತರ ಕಾದರು. ಯಾರಿಗೆ ಹೃದಯಾಘಾತವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ವರ್ಷಗಟ್ಟಲೆ ಕಾದರು. ಅಳತೆ ಮೊದಲು, ಘಟನೆ ಆಮೇಲೆ. ಈ ಕ್ರಮವೇ ಆ ಅಧ್ಯಯನದ ಶಕ್ತಿ.

1957ರ ಹೊತ್ತಿಗೆ ಬಿಪಿ ಹೆಚ್ಚಿದ್ದವರಲ್ಲಿ ಹೃದಯದ ಕಾಯಿಲೆ ಹಲವು ಪಟ್ಟು ಹೆಚ್ಚು ಎಂಬುದು ಸ್ಪಷ್ಟವಾಯಿತು. 1961ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಆರು ವರ್ಷಗಳ ಫಲಿತಾಂಶವನ್ನು ಪ್ರಕಟಿಸಿದರು. 'ರಿಸ್ಕ್ ಫ್ಯಾಕ್ಟರ್' ಎಂಬ ಮಾತು ವೈದ್ಯರ ಬಾಯಲ್ಲಿ ನೆಲೆಗೊಂಡದ್ದು ಆ ಬರಹದಿಂದ. ಇಂದು ನಮ್ಮ ಡಾಕ್ಟರ್ 'ನಿಮಗೆ ರಿಸ್ಕ್ ಇದೆ' ಎಂದರೆ ಅದರ ಬೇರು ಆ ಪಟ್ಟಣದಲ್ಲಿದೆ.

ಒಂದು ಬಾಗಿದ ಗೆರೆ

ಅಲ್ಲೊಂದು ತೊಡಕು ಎದುರಾಯಿತು. ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ತೂಕ ಎಲ್ಲವೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರುತ್ತವೆ. ಎಲ್ಲವನ್ನೂ ಕೂಡಿಸಿ ಒಂದು ಲೆಕ್ಕ ಹೇಳುವುದು ಹೇಗೆ? ಏಳು ಅಂಶಗಳಿವೆ, ಪ್ರತಿಯೊಂದಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮಟ್ಟ ಎಂದುಕೊಳ್ಳಿ. ಕೋಷ್ಟಕದಲ್ಲಿ 2,187 ಮನೆಗಳಾಗುತ್ತವೆ. 5,209 ಜನರನ್ನು ಅವುಗಳಲ್ಲಿ ಹಂಚಿದರೆ ಮನೆಗೆ ಮೂವರೂ ಬರುವುದಿಲ್ಲ. ಇಬ್ಬರು ಮೂವರನ್ನು ನೋಡಿ ಏನು ಹೇಳಲು ಸಾಧ್ಯ?

ಇದಕ್ಕೆ ದಾರಿ ತೋರಿಸಿದವರು ಜೆರೋಮ್ ಕಾರ್ನ್‌ಫೀಲ್ಡ್. ಕಾಲೇಜಿನಲ್ಲಿ ಇತಿಹಾಸ ಓದಿ, ಸರಕಾರಿ ಕಚೇರಿಗಳಲ್ಲಿ ದುಡಿಯುತ್ತಾ ಸಂಖ್ಯಾಶಾಸ್ತ್ರ ಕಲಿತವರು. ಅವರು 1962ರಲ್ಲಿ, ನಂತರ ಸಂಗಡಿಗರ ಜೊತೆ 1967ರಲ್ಲಿ, ಎಸ್ ಅಕ್ಷರದಂತೆ ಬಾಗಿದ ಒಂದು ಗೆರೆಯನ್ನು ಬಳಸಿದರು. ನೇರ ಗೆರೆ ಎಳೆದರೆ ಅದು ಒಂದು ಕಡೆ ಸೊನ್ನೆಯ ಕೆಳಗೆ, ಇನ್ನೊಂದು ಕಡೆ ನೂರರ ಮೇಲೆ ಹೋಗಿಬಿಡುತ್ತದೆ. ನೂರಕ್ಕೆ ನೂರಿಪ್ಪತ್ತು ಮಂದಿಗೆ ಕಾಯಿಲೆ ಬರಲು ಸಾಧ್ಯವೇ? ಬಾಗಿದ ಗೆರೆ ಸೊನ್ನೆ ಮತ್ತು ನೂರರ ನಡುವೆಯೇ ಇರುತ್ತದೆ. ಪ್ರತಿ ಅಂಶಕ್ಕೂ ಒಂದು ತೂಕ ಕೊಟ್ಟು, ಎಲ್ಲವನ್ನೂ ಕೂಡಿಸಿ, ಆ ಮೊತ್ತವನ್ನು ಗೆರೆಯ ಮೇಲಿಟ್ಟರೆ, ಇಂಥವರು ನೂರು ಮಂದಿ ಇದ್ದರೆ ಇಷ್ಟು ಮಂದಿಗೆ ಕಾಯಿಲೆ ಬರಬಹುದು ಎಂಬ ಉತ್ತರ ಸಿಗುತ್ತದೆ. ಇದನ್ನು ಲಾಜಿಸ್ಟಿಕ್ ಮಾದರಿ ಎನ್ನುತ್ತಾರೆ. ಇಂದು ಮೊಬೈಲಿನಲ್ಲಿ ಹೃದಯದ ರಿಸ್ಕ್ ಹೇಳುವ ಎಷ್ಟೋ ಲೆಕ್ಕಗಳು ಇದರ ಮಕ್ಕಳು, ಮೊಮ್ಮಕ್ಕಳು.

ಇಲ್ಲಿ ಕೆಲವು ಸಹೋದರರಿಗೆ ಒಂದು ಪ್ರಶ್ನೆ ಏಳುವುದುಂಟು. ಮುಂದೆ ಆಗುವುದನ್ನು ಹೇಳುವುದೆಂದರೆ ಗೈಬ್‌ನ ಜ್ಞಾನ ತಮಗಿದೆ ಎಂದಂತಲ್ಲವೇ? ಅಲ್ಲ. ಕೈ ನೋಡಿ ಭವಿಷ್ಯ ಹೇಳುವವನು ನಿಮ್ಮೊಬ್ಬರ ನಾಳೆಯನ್ನು ಹೇಳುತ್ತೇನೆ ಎನ್ನುತ್ತಾನೆ. ಈ ಮಾದರಿ ಹಾಗೆ ಹೇಳುವುದಿಲ್ಲ. ನಿಮ್ಮಂತಹ ನೂರು ಜನರಲ್ಲಿ ಹತ್ತು ಮಂದಿಗೆ ಹೃದಯಾಘಾತ ಆಗಬಹುದು ಎನ್ನುತ್ತದೆ, ಆ ಹತ್ತು ಮಂದಿಯಲ್ಲಿ ನೀವಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಭವಿಷ್ಯ ಹೇಳುವವನು ತನ್ನ ತಪ್ಪಿದ ಮಾತುಗಳ ಪುಸ್ತಕ ಇಡುವುದಿಲ್ಲ. ನಿಜವಾದ ಸಂಶೋಧಕ ಇಡುತ್ತಾನೆ. ತಪ್ಪಿದ ಲೆಕ್ಕವನ್ನು ಬಿಚ್ಚಿ ತೋರಿಸದ ಯಾವ ಮುನ್ಸೂಚನೆಯನ್ನೂ, ಅದು ಕಂಪ್ಯೂಟರಿನಿಂದಲೇ ಬಂದಿರಲಿ, ನಂಬಬೇಕಾಗಿಲ್ಲ.

ಹದಿನೇಳು ಹಾರಾಟಗಳು

ಹೃದಯಕ್ಕಾಗಿ ಎಳೆದ ಅದೇ ಬಾಗಿದ ಗೆರೆ, ಇಪ್ಪತ್ತು ವರ್ಷಗಳ ನಂತರ, ಒಂದು ರಾಕೆಟ್ಟಿನ ಕಥೆಯಲ್ಲಿ ಮತ್ತೆ ಬಂತು. ಆದರೆ ತಡವಾಗಿ ಬಂತು.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ನೆಲ ಬಿಟ್ಟ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಒಳಗಿದ್ದ ಏಳೂ ಮಂದಿ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿಯೂ ಇದ್ದರು. ಅಮೆರಿಕದ ಎಷ್ಟೋ ಶಾಲೆಗಳ ಮಕ್ಕಳು ತರಗತಿಯಲ್ಲೇ ಟಿವಿ ಮುಂದೆ ಕೂತು ಅದನ್ನು ನೋಡಿದರು.

ತಪ್ಪಿದ್ದು ಒಂದು ರಬ್ಬರ್ ಉಂಗುರದಲ್ಲಿ. ನೌಕೆಯ ಪಕ್ಕದ ರಾಕೆಟ್‌ಗಳನ್ನು ತುಂಡು ತುಂಡಾಗಿ ತಂದು ಜೋಡಿಸುತ್ತಿದ್ದರು. ಜೋಡಣೆಯ ಸಂದಿಯಿಂದ ಬಿಸಿ ಅನಿಲ ಹೊರಗೆ ಬಾರದಂತೆ ಸುಮಾರು 7 ಮಿಲಿಮೀಟರ್ ದಪ್ಪದ ರಬ್ಬರ್ ಉಂಗುರಗಳಿದ್ದವು. ಅಡುಗೆಮನೆಯ ಕುಕ್ಕರಿಗೆ ಇರುವ ರಬ್ಬರಿನ ಹಾಗೆ. ಕುಕ್ಕರಿನ ರಬ್ಬರ್ ಗಟ್ಟಿಯಾದರೆ ಏನಾಗುತ್ತದೆಂದು ಪ್ರತಿ ಮನೆಯ ತಾಯಂದಿರಿಗೂ ಗೊತ್ತು: ಅಂಚಿನಿಂದ ಹಬೆ ನುಗ್ಗುತ್ತದೆ. ಚಳಿಯಲ್ಲಿ ಈ ಉಂಗುರಗಳೂ ಬಿಗಿಯಾಗಿ, ಸಂದಿಯನ್ನು ಬೇಗ ತುಂಬುತ್ತಿರಲಿಲ್ಲ.

ಹಿಂದಿನ ಸಂಜೆ ರಾಕೆಟ್ ತಯಾರಿಸಿದ ಥಿಯೊಕಾಲ್ ಕಂಪೆನಿಯ ಇಂಜಿನಿಯರುಗಳು ಫೋನಿನ ಮೂಲಕ ನಾಸಾ ಅಧಿಕಾರಿಗಳ ಜೊತೆ ಮಾತನಾಡಿದರು. ಬೆಳಗ್ಗೆ 31 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದೆಂದು ಹವಾಮಾನದವರು ಹೇಳಿದ್ದರು. ಹಿಂದಿನ ಹಾರಾಟಗಳಲ್ಲಿ ಅತಿ ಚಳಿಯದ್ದು 53 ಡಿಗ್ರಿಯಲ್ಲಿ ನಡೆದಿತ್ತು. ಅದಕ್ಕಿಂತ ಕಡಿಮೆಯಲ್ಲಿ ಹಾರಿಸಬೇಡಿ ಎಂದು ರೋಜರ್ ಬೊಯ್ಸ್‌ಜೊಲಿ ಮತ್ತು ಅವರ ಸಂಗಡಿಗರು ಕೇಳಿಕೊಂಡರು. ಪುರಾವೆ ಎಲ್ಲಿ ಎಂದು ಎದುರಿನವರು ಕೇಳಿದರು. 53 ಡಿಗ್ರಿಯಲ್ಲಿ ಉಂಗುರಕ್ಕೆ ಹಾನಿಯಾಗಿತ್ತು ನಿಜ, ಆದರೆ 75 ಡಿಗ್ರಿಯಲ್ಲೂ ಆಗಿತ್ತಲ್ಲ? ಹಾಗಾದರೆ ಚಳಿಗೂ ಹಾನಿಗೂ ಏನು ಸಂಬಂಧ? ಕೊನೆಗೆ ಕಂಪೆನಿಯ ಆಡಳಿತದವರು ತಮ್ಮದೇ ಇಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು.

ದುರಂತದ ನಂತರ ತನಿಖಾ ಆಯೋಗ ಹಿಂದಿನ ಎಲ್ಲ ಹಾರಾಟಗಳ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಇಟ್ಟಿತು. ಉಂಗುರಕ್ಕೆ ಹಾನಿ ಕಂಡ ಏಳು ಹಾರಾಟಗಳನ್ನು ಮಾತ್ರ ನೋಡಿದರೆ ನಿಜವಾಗಿಯೂ ಏನೂ ಕಾಣುವುದಿಲ್ಲ, ಚಳಿಯಲ್ಲೂ ಹಾನಿ, ಸೆಕೆಯಲ್ಲೂ ಹಾನಿ. ಏನೂ ಹಾನಿಯಾಗದ ಹದಿನೇಳು ಹಾರಾಟಗಳನ್ನು ಅದೇ ಹಾಳೆಗೆ ಸೇರಿಸಿದ ಕೂಡಲೇ ಚಿತ್ರ ಬದಲಾಗುತ್ತದೆ. 66 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿನ ತಾಪಮಾನದಲ್ಲಿ 20 ಹಾರಾಟಗಳು ನಡೆದಿದ್ದವು, ಮೂರರಲ್ಲಿ ಮಾತ್ರ ಹಾನಿ. 63 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆಯಲ್ಲಿ ನಾಲ್ಕು ನಡೆದಿದ್ದವು, ನಾಲ್ಕರಲ್ಲೂ ಹಾನಿ.

ಆ ಹದಿನೇಳು ಹಾರಾಟಗಳೂ ಬೆಚ್ಚಗಿನ ದಿನಗಳಲ್ಲೇ ನಡೆದಿದ್ದವು. ಅವುಗಳ ತಾಪಮಾನ ದಾಖಲೆಯಲ್ಲಿತ್ತು, ಯಾರೂ ಬಚ್ಚಿಟ್ಟಿರಲಿಲ್ಲ. ಏನೂ ಆಗದ ಹಾರಾಟದಿಂದ ಕಲಿಯುವುದು ಏನಿದೆ ಎಂದು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೇ. 1989ರಲ್ಲಿ ಸಿದ್ಧಾರ್ಥ ದಲಾಲ್ ಮತ್ತು ಇಬ್ಬರು ಸಂಗಡಿಗರು ಕಾರ್ನ್‌ಫೀಲ್ಡ್ ಬಳಸಿದ್ದ ಅದೇ ಲಾಜಿಸ್ಟಿಕ್ ಗೆರೆಯನ್ನು ಹಿಂದಿನ ಹಾರಾಟಗಳ ಮೇಲೆ ಎಳೆದರು. 31 ಡಿಗ್ರಿಯಲ್ಲಿ ಉಂಗುರ ಪೂರ್ತಿ ಕೈಕೊಟ್ಟು ದುರಂತವಾಗುವ ಸಾಧ್ಯತೆ ನೂರಕ್ಕೆ ಕನಿಷ್ಠ 13. 60 ಡಿಗ್ರಿಯಾಗುವವರೆಗೆ ಕಾದಿದ್ದರೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯುತ್ತಿತ್ತು. ನಾಸಾದ ಆಡಳಿತ ವರ್ಗ ಹೇಳುತ್ತಿದ್ದದ್ದು ಏನು ಗೊತ್ತೇ? ಲಕ್ಷಕ್ಕೆ ಒಂದು. ಅಲ್ಲಿನ ಇಂಜಿನಿಯರುಗಳ ಅಂದಾಜು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ಈ ಅಂತರವನ್ನು ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದರು. ಲಕ್ಷಕ್ಕೆ ಒಂದು ಎಂಬ ಸಂಖ್ಯೆಯ ಹಿಂದೆ ಅಳತೆ ಇರಲಿಲ್ಲ, ಆಸೆ ಇತ್ತು.

ಪಟ್ಟಿಯಲ್ಲೇ ಇಲ್ಲದವರು

ಇಷ್ಟರವರೆಗೆ ಹೇಳಿದ್ದು ಏನೂ ಆಗದವರ ಲೆಕ್ಕ ಬಿಟ್ಟರೆ ಏನಾಗುತ್ತದೆ ಎಂದು. ಇದರ ಪಕ್ಕದಲ್ಲೇ ಇನ್ನೊಂದು ಲೋಪವಿದೆ. ಕೆಲವರು ಪಟ್ಟಿಗೇ ಬಂದಿರುವುದಿಲ್ಲ.

ಫ್ರೇಮಿಂಗ್‌ಹ್ಯಾಮ್‌ನ ಮೊದಲ 5,209 ಮಂದಿ ಬಹುತೇಕ ಎಲ್ಲರೂ ಬಿಳಿಯರು. ಅವರ ಮೇಲೆ ಅಳೆದು ಮಾಡಿದ ಲೆಕ್ಕವನ್ನು ಇಡೀ ಲೋಕ ಬಳಸತೊಡಗಿತು. 2003ರಲ್ಲಿ ಬ್ರಿಟನ್ನಿನಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಅದನ್ನು ಪರೀಕ್ಷಿಸಿದರು. ನೂರಕ್ಕೆ 16 ಮಂದಿಗೆ ಹೃದಯದ ತೊಂದರೆ ಆಗಬಹುದು ಎಂದು ಲೆಕ್ಕ ಹೇಳಿತ್ತು, ಆದದ್ದು ನೂರಕ್ಕೆ 10ರಷ್ಟು ಮಂದಿಗೆ. ಇದಕ್ಕೆ ತದ್ವಿರುದ್ಧವಾಗಿ, ಅದೇ ಬ್ರಿಟನ್ನಿನಲ್ಲಿ ನೆಲೆಸಿದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಲ್ಲಿ ನಿಜವಾದ ಅಪಾಯ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚಿತ್ತು. ಹಾಗಾಗಿ 2008ರಲ್ಲಿ ಬ್ರಿಟನ್ನಿನವರು ಜನಾಂಗ, ಬಡತನ ಎರಡನ್ನೂ ಸೇರಿಸಿ ಹೊಸ ಲೆಕ್ಕ ಮಾಡಿಕೊಂಡರು. ಫ್ರೇಮಿಂಗ್‌ಹ್ಯಾಮಿನವರೂ 1994ರಲ್ಲೇ ಬೇರೆ ಜನಾಂಗಗಳವರ ಒಂದು ಗುಂಪನ್ನು ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು.

ಕೊರೋನಾ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಬಂದ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನೆನಪಿಸಿಕೊಳ್ಳಿ. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಕೊಟ್ಟರು. ಆಕ್ಸಿಮೀಟರ್ 92ರಿಂದ 96 ತೋರಿಸಿದ ರೋಗಿಗಳ ರಕ್ತವನ್ನು ನೇರವಾಗಿ ಪರೀಕ್ಷಿಸಿದಾಗ, ನಿಜವಾದ ಮಟ್ಟ 88ಕ್ಕಿಂತ ಕೆಳಗೆ ಇದ್ದದ್ದು ಬಿಳಿಯರ ಪರೀಕ್ಷೆಗಳಲ್ಲಿ ನೂರಕ್ಕೆ 3.6, ಕಪ್ಪು ಜನರ ಪರೀಕ್ಷೆಗಳಲ್ಲಿ ನೂರಕ್ಕೆ 11.7. ಯಂತ್ರಕ್ಕೆ ದ್ವೇಷವಿರುವುದಿಲ್ಲ. ಅದನ್ನು ಯಾರ ಬೆರಳಿನ ಮೇಲೆ ಹೊಂದಿಸಿದರೋ ಅವರನ್ನು ಮಾತ್ರ ಅದು ಸರಿಯಾಗಿ ಓದುತ್ತದೆ.

ಮದರಸಾದಲ್ಲಿ ಓದಿದವರಿಗೆ ಈ ಎಚ್ಚರ ಹೊಸತಲ್ಲ. ಒಂದು ವರದಿ ಬಂದರೆ ಮಾತು ಚೆನ್ನಾಗಿದೆಯೇ ಎಂದು ನೋಡುವ ಮೊದಲು ಅದು ಯಾರಿಂದ ಯಾರಿಗೆ ಬಂತು, ಅವರು ಒಬ್ಬರನ್ನೊಬ್ಬರು ಕಂಡಿದ್ದರೇ, ಅವರ ನೆನಪು ಹೇಗಿತ್ತು ಎಂದು ಹದೀಸ್ ವಿದ್ವಾಂಸರು ವಿಚಾರಿಸುತ್ತಿದ್ದರು. ಒಂದು ಸಂಖ್ಯೆ ಬಂದಾಗಲೂ ಅದೇ ರೀತಿ ವಿಚಾರಿಸಬೇಕು: ಯಾರನ್ನು ಅಳೆದರು, ಯಾರು ಅಳೆದರು, ಯಾರನ್ನು ಬಿಟ್ಟರು?

ನಮ್ಮನ್ನು ಅಳೆಯುವ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಕೇರಳದಲ್ಲಿ ಹುಟ್ಟಿದ ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ, ನಂತರ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. 1996ರಲ್ಲಿ ಅವರೂ ಬೆಂಗಳೂರಿನ ವೈದ್ಯರೂ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಬಾರಿ ಹೃದಯಾಘಾತವಾದ 200 ಮಂದಿ ಒಂದು ಕಡೆ. ಅದೇ ವಯಸ್ಸಿನ, ಹೃದಯಾಘಾತ ಆಗದ 200 ಮಂದಿ ಇನ್ನೊಂದು ಕಡೆ. ರಾಝಿ ಅವರ ಎರಡು ತಟ್ಟೆಗಳ ತಕ್ಕಡಿ ಇಲ್ಲೂ ಇದೆ, ಈ ಬಾರಿ ಸಂಖ್ಯೆಗಳ ಸಮೇತ. ಸಿಗರೇಟು, ಬೀಡಿ ಸೇದುವುದೇ ಎಲ್ಲಕ್ಕಿಂತ ಬಲವಾದ ಸೂಚನೆ ಎಂದು ಅದು ತೋರಿಸಿತು. ಬೀಡಿಯ ಹೆಸರು ಫ್ರೇಮಿಂಗ್‌ಹ್ಯಾಮಿನ ಪುಸ್ತಕದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಬೀಡಿ ಕಟ್ಟಿ ಬದುಕಿದ, ಬೀಡಿ ಸೇದಿ ಸತ್ತ ನಮ್ಮ ಕರಾವಳಿಯ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

2004ರಲ್ಲಿ ಯೂಸುಫ್ ಅವರ ನೇತೃತ್ವದ 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳ ಸುಮಾರು 15,000 ರೋಗಿಗಳನ್ನೂ ಹೆಚ್ಚುಕಡಿಮೆ ಅಷ್ಟೇ ಆರೋಗ್ಯವಂತರನ್ನೂ ಹೋಲಿಸಿತು. ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಅಂಶಗಳೇ ಎಲ್ಲ ದೇಶಗಳಲ್ಲೂ ಹೆಚ್ಚಿನ ಹೃದಯಾಘಾತಗಳ ಹಿಂದೆ ಇವೆ ಎಂದು ಗೊತ್ತಾಯಿತು. ಅದೇ ಅಂಕಿಗಳಿಂದ 2007ರಲ್ಲಿ ಇನ್ನೊಂದು ವಿಷಯ ಹೊರಬಂತು. ಮೊದಲ ಹೃದಯಾಘಾತವಾದವರ ಸರಾಸರಿ ವಯಸ್ಸು ಬೇರೆ ದೇಶಗಳಲ್ಲಿ 58.8. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳಗಳಲ್ಲಿ 53. ಸುಮಾರು ಆರು ವರ್ಷ ಮೊದಲು.

ಆ ಆರು ವರ್ಷ ಎಂದರೆ ಏನೆಂದು ಮಯ್ಯಿತ್ ನಮಾಝಿನ ಸಾಲಿನಲ್ಲಿ ನಿಲ್ಲುವವರಿಗೆ ಗೊತ್ತು. ಮಗಳ ಮದುವೆ ಬಾಕಿ ಇರುತ್ತದೆ, ಮಗ ಇನ್ನೂ ಕಾಲೇಜಿನಲ್ಲಿ ಇರುತ್ತಾನೆ, ಸಾಲದ ಕಂತು ನಡೆಯುತ್ತಿರುತ್ತದೆ. ಮನೆ ದುಡಿಮೆಯ ಮೇಲೆ ನಿಂತಿರುವ ಹೊತ್ತಿಗೆ ದುಡಿಯುವ ಕೈ ನಿಲ್ಲುತ್ತದೆ. ಅಧ್ಯಯನ ಹೇಳಿದ ಕಾರಣವೂ ಸರಳ: ಅಪಾಯದ ಅಂಶಗಳು ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲೇ ಸೇರಿಕೊಳ್ಳುತ್ತವೆ. ಅಂದರೆ ಅಳತೆಯೂ ಚಿಕ್ಕ ವಯಸ್ಸಿನಲ್ಲೇ ಶುರುವಾಗಬೇಕು.

ನಮ್ಮ ಮಾತುಕತೆಗಳು ಹೇಗಿರುತ್ತವೆ? 'ಇಂಥವರು ಆ ಮಾತ್ರೆ ತೆಗೆದುಕೊಂಡರು, ಮರುದಿನವೇ ಹೋದರು.' 'ಇಂಥವರು ಎಪ್ಪತ್ತು ವರ್ಷ ಬೀಡಿ ಸೇದಿದರು, ಏನೂ ಆಗಲಿಲ್ಲ.' 'ಆ ಕಷಾಯ ಕುಡಿದು ಇಂಥವರ ಶುಗರ್ ಹೋಯಿತು.' ಇವೆಲ್ಲ ಒಂದೇ ತಟ್ಟೆಯ ತಕ್ಕಡಿಗಳು. ಅದೇ ಮಾತ್ರೆ ತೆಗೆದುಕೊಂಡು ಚೆನ್ನಾಗಿರುವವರು ಎಷ್ಟು? ಬೀಡಿ ಸೇದಿ ಐವತ್ತಕ್ಕೇ ಹೋದವರು ಎಷ್ಟು? ಕಷಾಯ ಕುಡಿದೂ ಶುಗರ್ ಇಳಿಯದವರು ಎಷ್ಟು? ಇಂತಹ ಕಥೆ ವಾಟ್ಸಾಪ್‌ನಲ್ಲಿ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಈ ಪ್ರಶ್ನೆ ಕೇಳಿಕೊಂಡರೆ ಎಷ್ಟೋ ಜೀವ ಉಳಿಯುತ್ತದೆ.

ಇನ್ನು, ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮಾಹಿತಿ ಬರೆದುಕೊಳ್ಳಲು ಮನೆಗೆ ಬರುತ್ತಾರೆ. ತಂಬಾಕು ಇದೆಯೇ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯೇ ಎಂದು ಕೇಳುತ್ತಾರೆ. ಬಾಗಿಲಿನಿಂದಲೇ ಕಳಿಸಬೇಡಿ, ಸುಳ್ಳು ಉತ್ತರವನ್ನೂ ಕೊಡಬೇಡಿ. ನಾವು ಬರೆಸದಿದ್ದರೆ ನಮ್ಮ ಬೀದಿ ಲೆಕ್ಕದಲ್ಲಿ ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಬೇರೆಯವರ ಲೆಕ್ಕವನ್ನೇ ಹಚ್ಚುತ್ತಾರೆ.

ಮಸೀದಿಯ ಅಂಗಳದಲ್ಲಿ ಆರೋಗ್ಯ ಶಿಬಿರ ನಡೆಸುವ ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಬಿಪಿ ಹೆಚ್ಚು ಬಂದವರ ಹೆಸರು ಮಾತ್ರ ಬರೆದುಕೊಳ್ಳುವ ಅಭ್ಯಾಸ ಬಿಡಿ. ಸರಿಯಾಗಿ ಬಂದವರದ್ದೂ ಬರೆಯಿರಿ. ಕರೆದರೂ ಬಾರದವರು ಎಷ್ಟು ಮನೆಯವರೆಂದೂ ಬರೆಯಿರಿ. ಎರಡು ವರ್ಷದ ನಂತರ ಮತ್ತೆ ಶಿಬಿರ ನಡೆದಾಗ ಹೋಲಿಸಲು ಅದೇ ಬೇಕಾಗುವುದು.

'ಎಲ್ಲ ನಾರ್ಮಲ್' ಎಂದು ಬರೆದ ಚೀಟಿ ಸಿಕ್ಕಿದ ಸಹೋದರ ಸಹೋದರಿಯರೇ, ಅದನ್ನು ಗೇಟಿನ ಬಳಿ ಎಸೆದು ಹೋಗಬೇಡಿ. ತಾರೀಖು ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದೊಂದು ದಿನ ನಿಮ್ಮ ಬಿಪಿ ಏರಿದರೆ, ಎಷ್ಟರಿಂದ ಏರಿತು, ಯಾವಾಗಿನಿಂದ ಏರಿತು ಎಂದು ಡಾಕ್ಟರಿಗೆ ಹೇಳಲು ಆ ಚೀಟಿಯೊಂದೇ ಇರುತ್ತದೆ.